ಮಾವನ ಕಾರು, ದೊಡ್ಡಮ್ಮನ ಹೂವು

ಆ ಕಾರಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಇಲಿಯ ಉಚ್ಚೆ. ಆಮೇಲೆ ಕೊಳೆತ ಚರ್ಮ, ಹಳೇ ಗ್ರೀಸು, ಅದರ ಮೇಲೆ ನಮ್ಮ ಸೋದರಮಾವನ ನಶ್ಯ. ಇವತ್ತಿಗೂ ಯಾರಾದರೂ ಹಳೆಯ ಕಾರುಗಳನ್ನು ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿ, ಆಹಾ ಎಂಥ ಕಾಲ ಅದು ಎಂದು ಹೊಗಳುವುದನ್ನು ಕಂಡರೆ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಆ ಕಾಲ ನನಗೆ ಗೊತ್ತು. ಅದರ ಬಾನೆಟ್ಟಿನೊಳಗೆ ನಾನು ತಲೆ ಹಾಕಿದ್ದೇನೆ.

ಐವತ್ತರ ದಶಕದ ಕೊನೆ. ನಾನು ಬಿ.ಎಸ್ಸಿ. ಮುಗಿಸಿ ಅರಸೀಕೆರೆಯ ಹುಡುಗಿಯರ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಪ್ಪ ಅಮ್ಮ ಇದ್ದದ್ದು ಬೇಲೂರಿನಲ್ಲಿ. ಮದುವೆಯಾಗದ ಹುಡುಗಿ ಒಬ್ಬಳೇ ರೂಮು ಮಾಡಿಕೊಂಡಿರುವುದು ಆಗ ಯಾರ ಯೋಚನೆಗೂ ಬರುವ ಮಾತಲ್ಲ. ಹಾಗಾಗಿ ಅಮ್ಮನ ತಮ್ಮನ ಮನೆಯಲ್ಲಿದ್ದೆ. ಮಾವ ವಕೀಲರು. ಅತ್ತೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯನ್ನು ನಡೆಸುತ್ತಿದ್ದವಳು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ.

ದೊಡ್ಡಮ್ಮ ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆ ದೊಡ್ಡಪ್ಪ ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಯಾತರ ಜ್ವರ, ಏನು ಔಷಧ ಕೊಟ್ಟರು, ವೈದ್ಯರನ್ನು ಕರೆಸಿದರೋ ಇಲ್ಲವೋ, ಯಾರೂ ಕೇಳಲಿಲ್ಲ. ಹುಡುಗಿಯ ಕಾಲ್ಗುಣ ಎಂದರು, ಅಲ್ಲಿಗೆ ವಿಚಾರಣೆ ಮುಗಿಯಿತು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಕಳಿಸಿದರು. ತವರಿಗೆ ಬಂದ ಮೇಲೆ ತಾಯಿಯೂ ಹೋದಳು. ಆಗ ಅಂಬೆಗಾಲಿಡುತ್ತಿದ್ದ ತಮ್ಮನನ್ನು ಎತ್ತಿ ಬೆಳೆಸಿದವಳು ಈ ದೊಡ್ಡಮ್ಮನೇ. ಆ ತಮ್ಮನೇ ನಮ್ಮ ಮಾವ.

ಕಾರು ಬಂದದ್ದು ಬೇಲೂರಿನ ಆಚೆಯ ಒಂದು ಕಾಫಿ ತೋಟದಿಂದ. ತೋಟದ ದೊರೆ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ವರ್ಷಗಟ್ಟಲೆ ಸೌದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹೊಸ ಯಜಮಾನರಿಗೆ ಮಾವ ಒಂದು ವ್ಯಾಜ್ಯ ಗೆದ್ದುಕೊಟ್ಟರು, ಅವರು ಖುಷಿಯಾಗಿ ಇದನ್ನು ಎತ್ತಿಕೊಂಡು ಹೋಗಿ ಎಂದರು. ಲಾರಿಯ ಮೇಲೆ ಹಗ್ಗ ಬಿಗಿದು ಹಳೇಬೀಡು, ಜಾವಗಲ್ಲಿನ ಮೇಲೆ ಅರಸೀಕೆರೆಗೆ ತಂದರು. ನಮ್ಮ ಹಸುವನ್ನು ಕೊಟ್ಟಿಗೆಯಿಂದ ಹೊರಗೆ ಕಟ್ಟಿ ಕಾರನ್ನು ಒಳಗೆ ನಿಲ್ಲಿಸಲಾಯಿತು. ಹಸುವಿನ ಮುಖ ನೋಡಿದಾಗಲೇ ನನಗೆ ಈ ಕಾರಿನ ಮೇಲಿನ ಗೌರವ ಹೋಯಿತು.

ಬಸ್ ನಿಲ್ದಾಣದ ಹತ್ತಿರದ ಗರಾಜಿನ ಮಿಸ್ತ್ರಿಯೊಬ್ಬ ಭಾನುವಾರ ಭಾನುವಾರ ಬಂದು ಅದನ್ನು ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ. ಹಿಂದಿನ ಸೀಟಿನ ತೆಂಗಿನ ನಾರಿನೊಳಗೆ ಇಲಿಗಳ ಇಡೀ ವಂಶವೇ ಇತ್ತು, ಸತ್ತದ್ದೂ ಇದ್ದದ್ದೂ ಸೇರಿ. ತಂತಿಗಳಿಗೆ ಆಗ ಈಗಿನ ಹಾಗೆ ಪ್ಲಾಸ್ಟಿಕ್ಕಲ್ಲ, ಹತ್ತಿ ದಾರದ ಹೊದಿಕೆ. ಇಲಿಗಳು ಅದನ್ನು ಕಡಿದು ಗೂಡಿಗೆ ಹಾಸಿಕೊಂಡಿದ್ದವು. ಮಿಸ್ತ್ರಿ ಕೈಗೆ ಸಿಕ್ಕಿದ ಕಡೆ ಹೊಸ ತಂತಿ ಎಳೆದ, ಸಿಗದ ಕಡೆ ಕಪ್ಪು ಟೇಪು ಸುತ್ತಿದ. ನನಗೆ ನೋಡುವ ಕುತೂಹಲ. ಬ್ಯಾಟರಿಯಿಂದ ದೀಪಕ್ಕೆ, ದೀಪದಿಂದ ಕಾರಿನ ಮೈಗೆ, ಮೈಯಿಂದ ಮತ್ತೆ ಬ್ಯಾಟರಿಗೆ ವಿದ್ಯುತ್ತು ಹೋಗುವ ದಾರಿಯನ್ನು ಹುಡುಗಿಯರಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದವಳಿಗೆ, ಇಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಹೆಣ್ಣುಮಕ್ಕಳು ಬಾನೆಟ್ ಹತ್ತಿರ ನಿಲ್ಲಬಾರದು ಎಂದು ಮಾವ ಜಗಲಿಯಿಂದಲೇ ಗೊಣಗುತ್ತಿದ್ದರು. ನಾನು ನಿಲ್ಲುತ್ತಿದ್ದೆ.

ಆಯುಧಪೂಜೆಯ ಹೊತ್ತಿಗೆ ಕಾರು ಕೆಮ್ಮಿ, ಹೊಗೆ ಉಗುಳಿ, ಹೊರಟಿತು. ಕುಂಬಳಕಾಯಿ ಒಡೆದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ದೀಪದ ಗಾಜಿಗೂ ಕುಂಕುಮ ಬಳಿದರು. ಅದೆಲ್ಲ ಊರಲ್ಲಿ ಎಲ್ಲರೂ ಮಾಡುವುದೇ. ಮಾವ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಟಿಯರಿಂಗಿನ ಮುಂದೆ, ವೇಗ ತೋರಿಸುವ ಮುಳ್ಳು ಗಡಿಯಾರಗಳಿದ್ದ ಮರದ ಹಲಗೆಯ ನಡುವೆ, ಚೆನ್ನಕೇಶವನ ಪಟ ತೂಗುಹಾಕಲು ತಾವೇ ಮೊಳೆ ಹೊಡೆದರು. ಮಿಸ್ತ್ರಿ ಸುತ್ತಿಗೆ ಹಿಡಿದು ಮುಂದೆ ಬಂದರೆ, ಅವನ ಕೈ ದೇವರ ಕೆಲಸಕ್ಕೆ ತಾಗಬಾರದೆಂದು ದೂರ ನಿಲ್ಲಿಸಿದರು. ಬೀಗದ ಕೈಯಷ್ಟು ಉದ್ದದ ಮೊಳೆ. ಪುರೋಹಿತರು ಮಂತ್ರ ಹೇಳುತ್ತಿದ್ದರು, ಮಾವ ಪೂರ್ವಕ್ಕೆ ಮುಖ ಮಾಡಿ ಬಡಿಯುತ್ತಿದ್ದರು. ಪಟ ಅಂಗೈಯಷ್ಟು, ಕಾಗದದ್ದು, ತೆಳ್ಳಗೆ ತಗಡಿನ ಚೌಕಟ್ಟು.

ಕೋರ್ಟಿಗೆ ಹೋಗುವ ದಿನಗಳಲ್ಲಿ ಕಾರು ಚೆನ್ನಾಗಿ ಓಡಿತು. ಕೋರ್ಟು ಇದ್ದದ್ದು ನಡೆದೇ ಹೋಗಬಹುದಾದಷ್ಟು ಹತ್ತಿರ. ಆದರೂ ಊರು ನೋಡಬೇಕಲ್ಲ. ಏಕಾದಶಿಗೋ ಹುಣ್ಣಿಮೆಗೋ ಬೇಲೂರಿಗೆ, ಇಲ್ಲವೆ ಮದುವೆ ಮುಂಜಿಗೆ ಹೋಗುವುದಿದ್ದರೆ ಮಾತ್ರ ದೇವರಿಗೆ ಹೂವಿನ ಅಲಂಕಾರ. ಹೂ ಕಟ್ಟುತ್ತಿದ್ದವಳು ದೊಡ್ಡಮ್ಮ. ತಾನು ಮುಡಿಯುವ ಹಾಗಿಲ್ಲ, ಆದರೆ ದೇವರಿಗೆ ಅವಳ ಹಾಗೆ ಕಟ್ಟುವವರು ಬೀದಿಯಲ್ಲೇ ಇರಲಿಲ್ಲ. ತುಳಸಿ, ಕನಕಾಂಬರ, ಸೇವಂತಿಗೆ ಸೇರಿಸಿ ಒತ್ತಾಗಿ ಕಟ್ಟಿ, ಬಾಡದಿರಲೆಂದು ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಬಳೆಯಿಲ್ಲದ ಆ ಕೈಗಳಿಂದ ನೀರು ತೊಟ್ಟಿಕ್ಕುವ ಹಾರವನ್ನು ತಂದು ತಮ್ಮನ ಕೈಗೆ ಕೊಟ್ಟರೆ, ತಮ್ಮ ಅದನ್ನು ಅದೇ ಮೊಳೆಗೆ ಹಾಕುತ್ತಿದ್ದ.

ಮೊದಲ ಸಲ ಕಾರು ನಿಂತದ್ದು ಜಾವಗಲ್ಲಿಗೆ ಮುಂಚೆ, ಏಕಾದಶಿಯ ದಿನ. ಅಪ್ಪ ಅಮ್ಮನನ್ನು ನೋಡಲು ನಾನೂ ಹೊರಟಿದ್ದೆ. ರಸ್ತೆಯ ಗುಂಡಿಯೊಂದರಲ್ಲಿ ಕಾರು ಎಗರಿ ಬಿತ್ತು, ಬಟ್ಟೆ ಸುಟ್ಟ ವಾಸನೆ ಬಂತು, ಇಂಜಿನ್ ಸತ್ತಿತು. ದಾರಿಯಲ್ಲಿ ಹೋಗುತ್ತಿದ್ದ ಲಾರಿಯವನಿಗೆ ಹೇಳಿಕಳಿಸಿ, ಮಿಸ್ತ್ರಿ ಬಸ್ಸು ಹಿಡಿದು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅವನು ಬಾಗಿಲಿಗೆ ಕೈ ಹಾಕುವ ಮೊದಲೇ ಮಾವ ತಡೆದರು.

"ತಡಿಯಪ್ಪ, ಮೊದಲು ದೇವರನ್ನ ಇಳಿಸ್ತೀನಿ. ಆಮೇಲೆ ಮುಟ್ಟು."

ಹಾರವನ್ನೂ ಪಟವನ್ನೂ ಕಣ್ಣಿಗೊತ್ತಿಕೊಂಡು ತೆಗೆದು, ಎಲೆಯ ಮೇಲಿಟ್ಟುಕೊಂಡು ಮರದ ನೆರಳಿಗೆ ಹೋಗಿ ಕುಳಿತರು. ಮಿಸ್ತ್ರಿ ಹುಡುಕಿದ. ಫ್ಯೂಸು ಸುಟ್ಟಿತ್ತು. ಬದಲಾಯಿಸಿದ. ಕಾರು ಹೊರಟಿತು.

"ಎಲ್ಲೋ ಶಾರ್ಟ್ ಐತೆ ಸ್ವಾಮಿ," ಎಂದ ತಲೆ ಕೆರೆದುಕೊಂಡು. "ಕೈಗೆ ಸಿಕ್ತಿಲ್ಲ. ನಾನ್ ಬಂದ್ರೆ ಓಡೋಯ್ತದೆ."

ಹುಣ್ಣಿಮೆಗೆ ಮತ್ತೆ ನಿಂತಿತು. ಬಾಣಾವರಕ್ಕೆ ಮದುವೆಗೆ ಹೊರಟಾಗ ಊರು ದಾಟುವ ಮೊದಲೇ ನಿಂತಿತು, ರೇಷ್ಮೆ ಪಂಚೆಯುಟ್ಟ ಮಾವ ಇಳಿದು ತಳ್ಳಬೇಕಾಯಿತು. ಪ್ರತಿ ಸಲವೂ ದೇವರನ್ನು ಇಳಿಸುವುದು, ಮಿಸ್ತ್ರಿ ಹುಡುಕುವುದು, ಏನೂ ಸಿಗದಿರುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾವ ನೆಲವನ್ನು ಬಿಟ್ಟು ಅಕ್ಕನನ್ನು ಹಿಡಿದುಕೊಂಡರು.

ಆ ವಿಚಾರಣೆ ನಡೆದದ್ದು ನಡುಮನೆಯಲ್ಲಿ, ನನ್ನ ಕಣ್ಣೆದುರಿಗೇ. ಮಾವ ಉಯ್ಯಾಲೆ ಮಣೆಯ ಮೇಲೆ, ದೊಡ್ಡಮ್ಮ ಅಡಿಗೆಮನೆಯ ಬಾಗಿಲಲ್ಲಿ.

"ಅಕ್ಕ, ಬೆಳಿಗ್ಗೆ ನಾನು ಹೊರಡೋವಾಗ ಎದುರಿಗೆ ಬಂದಿದ್ಯಾ?"

"ಹೂ ಕೊಡಕ್ಕೆ ಬಂದಿದ್ದೆ ಕಣಪ್ಪ."

"ಏಕಾದಶಿ ದಿವಸ?"

"ಅವತ್ತೂ ಹೂ ಕೊಟ್ಟೆ."

"ಹುಣ್ಣಿಮೆಗೆ?"

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕೋರ್ಟಿನಲ್ಲಿ ಎದುರಾಳಿಯ ಸಾಕ್ಷಿ ಸೋತಾಗ ಕುಳಿತುಕೊಳ್ಳುತ್ತಾರಲ್ಲ, ಹಾಗೆ ಮಾವ ಬೆನ್ನು ಚಾಚಿ ಕುಳಿತು ಒಂದು ಚಿಟಿಕೆ ನಶ್ಯ ಏರಿಸಿದರು. ನನಗೆ ಮೈಯೆಲ್ಲ ಉರಿಯಿತು. "ಮಾವ, ಕಾರಿಗೂ ದೊಡ್ಡಮ್ಮನಿಗೂ ಏನು ಸಂಬಂಧ?" ಎಂದೆ. "ನಿನ್ನ ಸೈನ್ಸು ಶಾಲೆಯಲ್ಲಿಟ್ಟುಕೋ ಕಣೇ," ಎಂದರು. ಅವರ ಉಗುರಿನ ಸಂದಿಯ ನಶ್ಯವನ್ನು ನೋಡುತ್ತಾ ನಿಂತಿದ್ದೆ. ಆ ಬೆರಳುಗಳಿಗೆ ಅನ್ನ ಕಲೆಸಿ ತಿನ್ನುವುದನ್ನು ಹೇಳಿಕೊಟ್ಟವಳು ತಲೆ ತಗ್ಗಿಸಿ ನಿಂತಿದ್ದಳು.

ಅವತ್ತಿನಿಂದ ಒಂದು ಕಟ್ಟಳೆಯಾಯಿತು. ಇದನ್ನು ಬರೆಯುವಾಗಲೂ ನನಗೆ ಅಸಹ್ಯವಾಗುತ್ತದೆ. ಕಾರು ಹೊರಡುವಾಗ ದೊಡ್ಡಮ್ಮ ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು ಒಳಗಿರಬೇಕು. ಕಾರು ಬೀದಿಯ ತಿರುವಿಗೆ ಹೋದ ಮೇಲೆ ಮಾವ ಒಂದು ಸಲ ಹಾರನ್ ಒತ್ತುತ್ತಾರೆ. ಅದು ಕೇಳಿಸಿದ ಮೇಲೆ ಅವಳು ಹೊರಗೆ ಬರಬಹುದು. ಬೀದಿಯವರೆಲ್ಲ ಆ ಹಾರನ್ನನ್ನು ವಕೀಲರ ದರ್ಬಾರು ಎಂದುಕೊಂಡಿದ್ದರು. ಒಲೆಯ ಮುಂದೆ ಮುಚ್ಚಿದ ಕದದ ಹಿಂದೆ ಒಬ್ಬಳು ಅದನ್ನು ಕಾಯುತ್ತಾ ಕುಳಿತಿರುತ್ತಾಳೆಂದು ಯಾರಿಗೂ ತಿಳಿದಿರಲಿಲ್ಲ.

ಕಾರು ಮುಂದಿನ ಏಕಾದಶಿಗೂ ನಿಂತಿತು. ಹಾರ ಅವಳೇ ಕಟ್ಟಿದ್ದು, ನಾನು ತಂದುಕೊಟ್ಟದ್ದು. "ಮುಖ ತೋರಿಸದಿದ್ರೇನು, ಕೈ ತಾಗಿದ್ಯಲ್ಲ," ಎಂದರು ಮಾವ. ಹೂ ಕಟ್ಟುವುದನ್ನೂ ಬಿಡಿಸಿದರು. ಒಂದು ಹುಣ್ಣಿಮೆಗೆ ಹಾರವಿಲ್ಲದೆ ಹೋಗಿ ಬಂದರು. ಕಾರು ಬೇಲೂರಿಗೆ ಹೋಗಿ ಕೆಮ್ಮದೆ ವಾಪಸು ಬಂತು. ಅವರಿಗೆ ಇನ್ನೇನು ಬೇಕು? ಹಳೇಬೀಡಿನಲ್ಲಿ ದೂರದ ನೆಂಟರ ಮನೆಯಿತ್ತು, ದೊಡ್ಡ ಸಂಸಾರ, ರುಬ್ಬಿ ಬೇಯಿಸಲು ಜನ ಬೇಕಿತ್ತು. ಅಕ್ಕ ಅಲ್ಲಿಗೆ ಹೋಗಲಿ, ಇಲ್ಲಿಗೆ ಒಬ್ಬ ಅಡಿಗೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದೊಡ್ಡಮ್ಮ ಅಟ್ಟದಿಂದ ತಗಡಿನ ಟ್ರಂಕು ಇಳಿಸಿ, ಒರೆಸಿ, ತನ್ನ ಇನ್ನೊಂದು ಸೀರೆಯನ್ನು ಮಡಿಸಿಟ್ಟಳು. ಸೋಮವಾರದ ಬಸ್ಸಿಗೆ ಹೊರಡಬೇಕು. ಕಾರಿನಲ್ಲಿ ಬಿಟ್ಟುಬರುವ ಮಾತೇ ಇರಲಿಲ್ಲ.

ನಾನು ಮಿಸ್ತ್ರಿಯ ಗರಾಜಿಗೆ ಹೋದೆ. ಶಾರ್ಟ್ ಇರುವುದು ನಿಜವೇ ಎಂದು ಕೇಳಿದೆ. "ಇಲ್ದೆ ಫ್ಯೂಸು ಸುಡ್ತದಾ ಅಮ್ಮಾವ್ರೇ?" ಎಂದ. ಬಲ್ಬೊಂದಕ್ಕೆ ಎರಡು ತಂತಿ ಬೆಸೆದಿದ್ದ ಪರೀಕ್ಷೆಯ ದೀಪವನ್ನು ಕೇಳಿ ತಂದೆ. ಅದರ ಲೆಕ್ಕ ಸರಳ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಈ ಬಲ್ಬನ್ನು ಸೇರಿಸಬೇಕು. ಎಲ್ಲ ಸ್ವಿಚ್ಚೂ ಆರಿಸಿರುವಾಗ ಬಲ್ಬು ಉರಿದರೆ, ವಿದ್ಯುತ್ತು ಎಲ್ಲೋ ಕಳ್ಳದಾರಿಯಲ್ಲಿ ಹೋಗುತ್ತಿದೆ ಎಂದರ್ಥ.

ಭಾನುವಾರ ಊಟವಾಗಿ ಮಾವ ಗೊರಕೆ ಹೊಡೆಯುತ್ತಿರುವಾಗ ಕೊಟ್ಟಿಗೆಗೆ ಹೋದೆ. ಸೀಟಿನ ಕೆಳಗಿದ್ದ ಬ್ಯಾಟರಿಗೆ ಬಲ್ಬು ಸೇರಿಸಿದೆ. ಉರಿಯಲಿಲ್ಲ. ಬಾನೆಟ್ ಎತ್ತಿ ಒಂದೊಂದು ತಂತಿಯನ್ನೂ ಅಲುಗಿಸಿದೆ. ಉರಿಯಲಿಲ್ಲ. ಇನ್ನು ಉಳಿದದ್ದು ಆ ಮರದ ಹಲಗೆಯ ಹಿಂಭಾಗ. ಕಾಲಿಡುವ ಕಡೆ ಬೆನ್ನ ಮೇಲೆ ಮಲಗಿ, ತಲೆ ಒಳಗೆ ತೂರಿಸಿದೆ. ಮಿಸ್ತ್ರಿ ಅಲ್ಲಿಗೆ ಕೈಯನ್ನೇ ಹಾಕಿರಲಿಲ್ಲ. ಇಲಿಯ ಹಿಕ್ಕೆ ಬಾಯಿಗೆ ಉದುರಿತು. ಜಿರಲೆಯ ಮೊಟ್ಟೆ, ಯಾವ ಕಾಲದ್ದೋ ಒಣಗಿದ ಬಾಲ, ಗೋಂದಿನಂತೆ ಅಂಟುವ ಕಪ್ಪು ಜಿಡ್ಡು. ಎರಡು ಸಲ ಹೊರಗೆ ಬಂದು ಹಿತ್ತಿಲಲ್ಲಿ ಕಾರಿಕೊಂಡೆ. ಎಲ್ಲ ತಂತಿಗಳೂ ಕಂತೆಯಾಗಿ ಅಲ್ಲಿಂದಲೇ ಹಾದುಹೋಗಿದ್ದವು. ಹಿಡಿದು ಎಳೆದಾಡಿದರೂ ಬಲ್ಬು ಕಣ್ಣು ಬಿಡಲಿಲ್ಲ. ಶಾರ್ಟ್ ಇಲ್ಲವೇ ಇಲ್ಲ ಎನ್ನುವ ಹಾಗಿತ್ತು. ಅಳು ಬರುವಷ್ಟು ಸಿಟ್ಟು ಬಂತು. ಮರುದಿನ ಬಸ್ಸು ಹೊರಡುತ್ತದೆ, ನನ್ನ ಕೈಯಲ್ಲಿ ಇಲಿ ಹಿಕ್ಕೆ ಬಿಟ್ಟು ಬೇರೇನಿಲ್ಲ.

ದೊಡ್ಡಮ್ಮ ಮಾವನ ಒದ್ದೆ ಅಂಗವಸ್ತ್ರ ಹಿಡಿದು ಹಿತ್ತಿಲಿನ ತಂತಿಗೆ ಹರವಲು ಬಂದವಳು ನನ್ನನ್ನು ನೋಡಿ ನಿಂತಳು.

"ಏನೇ ಇದು ಅವತಾರ? ಅಯ್ಯೋ, ದೇವರನ್ನ ಸೌದೆ ಮೇಲೆ ಇಟ್ಟಿದ್ದೀಯಲ್ಲೇ. ಕೈ ತೊಳ್ಕೊಂಡು ಎತ್ತಿ ಜಾಗಕ್ಕೆ ಹಾಕು."

ಆಗ ನನಗೆ ಹೊಳೆಯಿತು. ಕೊಟ್ಟಿಗೆಗೆ ಬಂದವಳು ನಾನೂ ಮೊದಲು ಮಾಡಿದ ಕೆಲಸ ದೇವರ ಪಟವನ್ನು ಇಳಿಸಿಟ್ಟದ್ದು. ಮೈಲಿಗೆ ಕೈಯಲ್ಲಿ ದೇವರ ಹತ್ತಿರ ಹೋಗಬಾರದೆಂದು ನನಗೂ ಅದೇ ಮನೆಯವರು ಕಲಿಸಿದ್ದಲ್ಲವೇ? ಮಿಸ್ತ್ರಿ ಬಂದಾಗ ಮಾವ ಇಳಿಸುತ್ತಿದ್ದರು, ಈಗ ನಾನು ಇಳಿಸಿದ್ದೆ. ದೇವರು ಜಾಗದಲ್ಲಿದ್ದಾಗ ಈ ಕಾರನ್ನು ಇದುವರೆಗೆ ಒಬ್ಬರೂ ಪರೀಕ್ಷೆ ಮಾಡಿರಲಿಲ್ಲ.

ಕೈ ತೊಳೆದು ಪಟವನ್ನು ಮೊಳೆಗೆ ತೂಗುಹಾಕಿದೆ. ಬಲ್ಬು ಉರಿಯಲಿಲ್ಲ. "ದೊಡ್ಡಮ್ಮ, ಒಂದು ಹಾರ ಕಟ್ಟಿಕೊಡು," ಎಂದೆ. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ನನ್ನ ಕೈಯಿಂದ ಬೇಡ ಕಣೇ. ಹೋಗೋ ಹೊತ್ತಲ್ಲಿ ಇನ್ನೊಂದು ಮಾತು ಯಾಕೆ?" ಎಂದಳು. ಸರಿ, ಅವಳ ಕೈಯಲ್ಲಿದ್ದ ಒದ್ದೆ ಅಂಗವಸ್ತ್ರವನ್ನೇ ಕಿತ್ತುಕೊಂಡು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದೆ. ಮೊಳೆ ಸ್ವಲ್ಪ ಬಾಗಿತು. ಆಮೇಲೆ ಕಾರಿನ ಅಂಚಿಗೆ ಕಾಲು ಕೊಟ್ಟು, ಜಾವಗಲ್ ರಸ್ತೆಯಲ್ಲಿ ಕುಲುಕುವ ಹಾಗೆ ಕುಲುಕಿಸಿದೆ.

ಸೀಟಿನ ಕೆಳಗೆ ಬಲ್ಬು ಝಗ್ಗೆಂದು ಉರಿಯಿತು.

ಮತ್ತೆ ಬೆನ್ನ ಮೇಲೆ ಮಲಗಿ ಟಾರ್ಚು ಬಿಟ್ಟು ನೋಡಿದೆ. ಮಾವ ಮಂತ್ರಸಮೇತ ಬಡಿದ ಮೊಳೆ ಮರವನ್ನು ದಾಟಿ, ಹಿಂದಿನ ತಂತಿಯ ಕಂತೆಯೊಳಗೆ ಒಂದು ತಂತಿಯ ಹೊಟ್ಟೆಗೆ ತೂರಿ ಹೊರಬಂದಿತ್ತು. ಅದರ ತುದಿಗೂ ಮೇಲಿನ ಕಬ್ಬಿಣದ ಪಟ್ಟಿಗೂ ಅಕ್ಕಿಕಾಳಿನಷ್ಟು ಸಂದಿ. ಪಟ ಹಗುರ, ಅದಕ್ಕೆ ಮೊಳೆ ಜಗ್ಗುತ್ತಿರಲಿಲ್ಲ. ನೆಂದ ಹಾರದ ಭಾರಕ್ಕೆ ಈಚೆಯ ತಲೆ ಕೆಳಗಾಗಿ, ಗುಂಡಿಯಲ್ಲಿ ಕಾರು ಎಗರಿದಾಗ ಆಚೆಯ ತುದಿ ಮೇಲೆದ್ದು ಕಬ್ಬಿಣಕ್ಕೆ ತಾಗುತ್ತಿತ್ತು. ತುದಿ ತಾಗಿ ತಾಗಿ ಕಪ್ಪಾಗಿತ್ತು.

ಮಾವನನ್ನು ಎಬ್ಬಿಸಿ ಕರೆತಂದೆ. ಅಂಗವಸ್ತ್ರ ಹಾಕಿ ಕುಲುಕಿಸಿ ತೋರಿಸಿದೆ, ತೆಗೆದು ತೋರಿಸಿದೆ. ಅವರು ಪಂಚೆ ಎತ್ತಿ ಹಿಡಿದುಕೊಂಡು, ಮೂಗು ಮುರಿದು, ಎಲ್ಲವನ್ನೂ ನೋಡಿದರು. ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ವಕೀಲರು ಎಲ್ಲಾದರೂ ಒಪ್ಪುತ್ತಾರೆಯೇ?

"ಮೊಳೆ ದಿನಾ ಅಲ್ಲೇ ಇರುತ್ತೆ, ಅಲ್ವೇನೇ?"

"ಹೌದು."

"ಕಾರು ದಿನಾ ನಿಲ್ಲಲ್ಲ. ಹೂ ಹಾಕಿದ ದಿನ ಮಾತ್ರ ನಿಲ್ಲುತ್ತೆ. ಅಂದ್ರೆ ನೀನೇ ತೋರಿಸಿದ ಹಾಗೆ, ಕಾರಣ ಹೂವು. ಹೂ ಕಟ್ಟಿದ್ದು ಯಾರು?"

ಇಲಿಯ ಹೊಲಸಿನಲ್ಲಿ ಮಲಗಿದ್ದಾಗ ಬಂದದ್ದಕ್ಕಿಂತ ಹೆಚ್ಚಿನ ಹೇಸಿಗೆ ಆಗ ಬಂತು. ಈ ಮನುಷ್ಯನಿಗೆ ಗೊತ್ತಾಗಿದೆ. ಚೆನ್ನಾಗಿ ಗೊತ್ತಾಗಿದೆ. ತಾನು ಹೊಡೆದ ಮೊಳೆ ತಪ್ಪೆಂದು ಹೇಳುವುದಕ್ಕಿಂತ ಅಕ್ಕನನ್ನು ಹಳೇಬೀಡಿನ ಬಸ್ಸಿಗೆ ಹತ್ತಿಸುವುದು ಇವರಿಗೆ ಸುಲಭ.

"ಈಗ ಹಾಕಿದ್ದು ಹೂವಲ್ಲ ಮಾವ," ಎಂದೆ. "ನಿಮ್ಮ ಅಂಗವಸ್ತ್ರ. ಬೆಳಿಗ್ಗೆ ಸಂಧ್ಯಾವಂದನೆಗೆ ಹೊದ್ದುಕೊಂಡಿದ್ರಲ್ಲ, ಅದೇ. ಅದಕ್ಕೂ ಶಾರ್ಟ್ ಆಯ್ತು. ಹಾಗಾದ್ರೆ ಹಳೇಬೀಡಿಗೆ ನೀವೂ ಹೊರಡ್ತೀರಾ?"

ಮಾವ ಅಂಗವಸ್ತ್ರವನ್ನು ಎಳೆದುಕೊಂಡರು. ಅದಕ್ಕೆ ನನ್ನ ಕೈಯ ಕಪ್ಪು ಜಿಡ್ಡು ಮೆತ್ತಿತ್ತು. ಹೊರಡುವಾಗ ನನ್ನ ಮುಖ ನೋಡದೆ, "ಅವಳಿಗೆ ಹೇಳು, ನಾಳೆ ಹೋಗಬೇಕಾಗಿಲ್ಲ," ಎಂದರು. ದೊಡ್ಡಮ್ಮ ಅಲ್ಲೇ, ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲೇ ಹಾದುಹೋದರು.

ಇಕ್ಕಳದಲ್ಲಿ ಮೊಳೆಯನ್ನು ಕಿತ್ತೆ. ದೊಡ್ಡಮ್ಮ ಕೈ ಚಾಚಿದಳು, ಅವಳ ಅಂಗೈಗೆ ಹಾಕಿದೆ. ತಿರುಗಿಸಿ ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸಂಜೆಯ ಅಡಿಗೆಗೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಾವ ಕೋರ್ಟಿಗೆ ಹೊರಟಾಗ ಅವಳು ಹೂವಿನ ಬುಟ್ಟಿ ಹಿಡಿದು ಬಂದು ಜಗಲಿಯ ಮೇಲೆ ಕುಳಿತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಜಗಲಿಯ ಮೇಲೆ ನಾನು ಅದುವರೆಗೆ ಕಂಡಿರಲಿಲ್ಲ. ಮಾವ ಕಂಡರು. ಮುಖ ತಿರುಗಿಸಿ ಕಾರು ಹೊರಡಿಸಿದರು. ಅದು ಕೆಮ್ಮದೆ ಬೀದಿಯುದ್ದಕ್ಕೂ ಹೋಯಿತು. ತಿರುವಿನಲ್ಲಿ, ಅಷ್ಟೆಲ್ಲ ಆದ ಮೇಲೂ, ಹಾರನ್ ಒತ್ತಿದರು.

ನಾನು ಶಾಲೆಗೆ ಹೊರಟವಳು ಹಲ್ಲು ಕಚ್ಚಿಕೊಂಡು ಅಲ್ಲೇ ನಿಂತೆ. ಆ ಕಾರನ್ನು ಅವರ ಸಮೇತ ಯಗಚಿ ಹೊಳೆಗೆ ನೂಕಬೇಕು ಎನ್ನಿಸಿತು. ದೊಡ್ಡಮ್ಮ ತಲೆ ಎತ್ತಲಿಲ್ಲ. ಕನಕಾಂಬರದ ತೊಟ್ಟುಗಳನ್ನು ಜೋಡಿಸುತ್ತಾ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಮೆಲ್ಲಗೆ ಹೇಳಿದಳು:

"ನಿಮ್ಮ ದೊಡ್ಡಪ್ಪ ಜ್ವರದಲ್ಲಿ ಹೋದಾಗಲೂ ಯಾರಾದ್ರೂ ಹೀಗೆ ಮಲಗಿಕೊಂಡು ಹುಡುಕಿದ್ರೆ, ಒಂದು ಮೊಳೆ ಸಿಕ್ತಿತ್ತೇನೋ ಕಣೇ."